ಗ್ರಂಥಾಲಯದ ಅಂಟಕ್ಕ

ವಿಶ್ವವಿದ್ಯಾಲಯದ ಗ್ರಂಥಾಲಯ ಮೊದಲು ಶುರುವಾದದ್ದು ಹಾಸ್ಟೆಲ್ಲಿನ ಅಡುಗೆಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಅಲ್ಲಿಯ ಪುಸ್ತಕ ತೆರೆದರೆ ಹೊಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹರಿದ ಪುಸ್ತಕಗಳಿಗೆ ಬೈಂಡು ಹಾಕಲು ಸೇರಿಕೊಂಡ ಹುಡುಗಿಗೆ ವಿದ್ಯಾರ್ಥಿಗಳು ಅಂಟಕ್ಕ ಎಂದು ಹೆಸರಿಟ್ಟರು. ಬೆರಳ ಸಂದಿಯಲ್ಲಿ ಸದಾ ಅಂಟು. ಮಾತಿಗೆ ಕೂತರೂ ಹಾಗೆಯೇ, ಬೇಗ ಬಿಡುವವಳಲ್ಲ.

ಗುಡ್ಡದ ಮೇಲೆ ಹೊಸ ಕಟ್ಟಡ ಎದ್ದಾಗ ಪುಸ್ತಕ ಸಾಗಿಸಲು ಲಾರಿ ಸಿಗಲಿಲ್ಲ. ಇಡೀ ಕ್ಯಾಂಪಸ್ಸೇ ದಾರಿಯುದ್ದಕ್ಕೂ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿತು. ಅಂಟಕ್ಕನ ಪಕ್ಕ ನಿಂತವನು ಹೊಸ ಕಟ್ಟಡಕ್ಕೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್. ತಾನು ಹೊಲಿದ ಪುಸ್ತಕ ಬಂದಾಗಲೆಲ್ಲ ಅವಳು ಅದರ ಬೆನ್ನು ಸವರಿ ಅವನ ಕೈಗೆ ಕೊಡುತ್ತಿದ್ದಳು.

"ಹೀಗೆ ಒಂದೊಂದನ್ನೂ ಮುದ್ದು ಮಾಡ್ತಾ ನಿಂತ್ರೆ ನಾವು ಮನೆಗೆ ಹೋದ ಹಾಗೇ," ಎಂದು ಅವನು ನಕ್ಕ.

"ಹೋಗಿ ಮಾಡೋದೇನಿದೆ?" ಎಂದಳು ಅವಳು.

ಸಂಜೆ ಸಾಲು ಕರಗುವಾಗ ಅವನು ಮೆಲ್ಲಗೆ ಕೇಳಿದ: "ಅಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ?"

ಅವಳು ಬೆರಳ ಸಂದಿಯ ಅಂಟು ಕೀಳುತ್ತ ಹೇಳಿದಳು: "ಅಕ್ಕನ ಮದುವೆ ಆಗ್ಲಿ. ಸ್ವಲ್ಪ ತಡೀರಿ."

ಅವನು ತಡೆದ. ಅಕ್ಕನಿಗೆ ಗಂಡು ಕೂಡಿಬರಲಿಲ್ಲ. ಅತ್ತ ಅವನ ತಾಯಿ ಹಾಸಿಗೆ ಹಿಡಿದು, ಕಣ್ಣು ಮುಚ್ಚುವ ಮೊದಲು ಸೊಸೆಯ ಮುಖ ನೋಡಬೇಕೆಂದು ಹಟ ಮಾಡಿದಳು. ದೂರದ ಊರಲ್ಲಿ ಮದುವೆ, ಕೆಲಸ ಎರಡೂ ನಿಶ್ಚಯವಾದವೆಂದು ಹೇಳಲು ಬಂದವನು ಬೈಂಡಿಂಗ್ ಕೋಣೆಯ ಬಾಗಿಲಲ್ಲೇ ನಿಂತ. ಅಂಟಕ್ಕ "ಒಳ್ಳೇದಾಗ್ಲಿ" ಎಂದಳು. ಕೊನೆಗೂ ಅಕ್ಕ ಗಂಡನ ಮನೆ ಸೇರಿದಳು. ಅಂಟಕ್ಕನನ್ನು ಕೇಳಿಕೊಂಡು ಬಂದವರೂ ಇದ್ದರು, ಅವಳಿಗೇ ಮನಸ್ಸಾಗಲಿಲ್ಲ.

ಗ್ರಂಥಾಲಯಕ್ಕೆ ಮಹಡಿಯ ಮೇಲೆ ಮಹಡಿ ಬಂತು, ಕಂಪ್ಯೂಟರ್ ಬಂತು, ಬೈಂಡಿಂಗ್ ಕೋಣೆ ನೆಲಮಾಳಿಗೆಗೆ ಇಳಿಯಿತು. ಬೆಳಿಗ್ಗೆ ಬಂದು ದೀಪದ ಸ್ವಿಚ್ ಒತ್ತಿದರೆ ಅಂಟಕ್ಕನ ಬೆರಳು ಅಲ್ಲೇ ಒಂದು ಗಳಿಗೆ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಹರಿದ ಪುಸ್ತಕ ಹಿಡಿದು ಬಂದಳು. "ಈ ಕಟ್ಟಡಕ್ಕೆ ನಮ್ಮಪ್ಪನೇ ವೈರಿಂಗ್ ಮಾಡಿದ್ದಂತೆ. ಅದಕ್ಕೇ ಇಲ್ಲೇ ಓದು ಅಂತ ಸೇರಿಸಿದ್ರು," ಎಂದಳು.

ಅಂಟಕ್ಕನ ಕೈಯ ಸೂಜಿ ನಿಂತಿತು. "ಹುಷಾರಾಗಿದ್ದಾರಾ?"

"ಹೂಂ. ಪುಸ್ತಕ ಸಾಗಿಸಿದ ಕತೆ ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡಿದ್ದಾರೆ."

"ಯಾರ ಪಕ್ಕ ನಿಂತಿದ್ರಂತೆ?"

"ಅದೊಂದು ಹೇಳಲ್ಲ. ಅಲ್ಲಿಗೆ ಬಂದ್ರೆ ಸುಮ್ನಾಗಿಬಿಡ್ತಾರೆ."

ಅಂಟಕ್ಕ ಸ್ಟೂಲು ಎಳೆದಳು. "ಕೂತ್ಕೋ ಮಗಳೇ. ನಿಮ್ಮನೆ ಹೇಗಿದೆ ಹೇಳು."

ಹುಡುಗಿ ಅಮ್ಮನ ಹೊಲಿಗೆ ಯಂತ್ರದಿಂದ ಹಿಡಿದು ಅಪ್ಪ ರೇಡಿಯೋ ಬಿಚ್ಚಿಕೊಂಡು ಕೂರುವ ಮೂಲೆಯವರೆಗೆ ಎಲ್ಲ ಹೇಳಿದಳು. ಎಂದೂ ಕಾಲಿಡದ ಆ ಮನೆಯ ಒಂದೊಂದು ಕೋಣೆಯನ್ನೂ ಅಂಟಕ್ಕ ಕೇಳಿ ಕೇಳಿ ತಿಳಿದುಕೊಂಡಳು.

ಹೊರಟವಳಿಗೆ ಅವಳು ಹೇಳಿದ್ದಿಷ್ಟೇ: "ಮತ್ತೆ ಬಾ. ಪುಸ್ತಕ ಹರೀದೇ ಇದ್ರೂ ಬಾ."