ಪಾರಿವಾಳ ಕೇಳಾಕ ಬಂದಾಕಿ

ಯಾರರ ಪಾರಿವಾಳ ಕೇಳಾಕ ಬಂದ್ರ, ನಾ ಮೊದಲ ಕೇಳೂದು ಒಂದ ಮಾತು: ನಿಮ್ಮ ಮನ್ಯಾಗ ಯಾರಿಗರ ಲಕ್ವಾ ಹೊಡದೈತೇನು? ಹೌದು ಅಂದ್ರ ಪಾರಿವಾಳ ಇಲ್ಲ ಅಂತೀನಿ. ನಮ್ಮ ಕಡೆ ಲಕ್ವಾಕ್ಕ ಪಾರಿವಾಳದ ಔಷಧ ಭಾಳ ಹಳೇದು. ಕೆಲವರು ರೋಗಿ ಮಲಗಿದ ಖೋಲ್ಯಾಗ ಪಾರಿವಾಳ ಇಡ್ತಾರ, ಅದರ ರೆಕ್ಕಿ ಗಾಳಿ ಬಡದ್ರ ಬಿದ್ದ ಕೈಗೆ ಜೀವ ಬರ್ತೈತಿ ಅಂತಾರ. ಅದಕ್ಕ ನನ್ನ ತಕರಾರಿಲ್ಲ. ಇನ್ನ ಕೆಲವರು ಕೊಯ್ದು ಬಿಸಿ ರಕ್ತ ಮೈಗೆ ತಿಕ್ಕತಾರ. ಆದ್ರ ಕೇಳಾಕ ಬರೂವಾಗ ಎಲ್ಲಾರೂ ಗಾಳಿ ಸಲುವಾಗಿ ಅಂತನ ಹೇಳ್ತಾರ.

ನಂದು ರಾಯಬಾಗದಾಗ ಹಿಟ್ಟಿನ ಗಿರಣಿ. ಗಿರಣಿ ಮುಂದ ಜ್ವಾಳ ಚೆಲ್ಲತೈತಿ, ಪಾರಿವಾಳ ಇಳೀತಾವ. ಒಮ್ಮೆ ಒಂದು ಒಳಗ ಬಂದು ಮೋಟಾರಿನ ಪಟ್ಟಾಕ್ಕ ಸಿಕ್ಕು ಒಂದ ರೆಕ್ಕಿ ಕಳಕೊಂತು. ತಪ್ಪ ನಂದು, ಕಿಡಕಿಗೆ ಜಾಳಿಗಿ ಹಾಕಿರಲಿಲ್ಲ. ಸಾಯೂತನಕ ಇರಲಿ ಅಂತ ಬುಟ್ಟ್ಯಾಗ ಇಟ್ಟೆ, ಅದು ಸಾಯಲಿಲ್ಲ. ಅದನ್ನ ನೋಡಿದ ಮಂದಿ ಬೀಸಾಕ ಬರೂವಾಗ ಜ್ವಾಳದ ಡಬ್ಬಿ ಜೋಡಿ ಗಾಯಾದ ಪಾರಿವಾಳನೂ ತರಾಕ ಹತ್ತಿದ್ರು. ಗಾಳಿಪಟದ ಮಾಂಜಾ ದಾರಕ್ಕ ಕಾಲ ಕತ್ತರಿಸಿದ್ದು, ಫ್ಯಾನಿಗೆ ಬಡದದ್ದು, ಎರಡೂ ಕಣ್ಣ ಹೋದದ್ದು. ಈಗ ಗಿರಣಿ ಹಿಂದಿನ ತಗಡಿನ ಶೆಡ್ಡಿನ್ಯಾಗ ಇಪ್ಪತ್ತಾರ ಅದಾವ. ಹಾರೂವಂಥಾದ್ದು ಒಂದೂ ಇಲ್ಲ. ಹಾರಾಕ ಬಂದದ್ದನ್ನ ನಾ ಇಟ್ಟಕೊಳ್ಳೂದಿಲ್ಲ.

ಅದರಾಗ ಒಂದು ಬೂದಿ ಬಣ್ಣದ ಹೆಣ್ಣ ಐತಿ. ಯಾವುದೋ ಬ್ಯಾನಿ ಬಂದು ಅದರ ಕುತ್ತಿಗಿ ತಿರುಗಿ ತಲಿ ಬೆನ್ನ ಮ್ಯಾಲ ಬಿದ್ದೈತಿ. ಕಾಳ ಕಾಣಸ್ತೈತಿ, ಕುಕ್ಕಾಕ ಹೋದ್ರ ಕೊಕ್ಕ ಮ್ಯಾಲಕ ಹೋಗತೈತಿ. ನೆನಸಿದ ಬಟಾಣಿ ಒಂದೊಂದ ಬಾಯಾಗ ಇಟ್ಟು ನುಂಗಸಬೇಕು, ದಿನಕ್ಕ ಎರಡ ಸಲ. ತಿನ್ನಸೂಕಿಂತ ಮೊದಲ ಎದಿ ಮ್ಯಾಲಿನ ಕಾಳಿನ ಚೀಲ ಬೆರಳಲೆ ಒತ್ತಿ ನೋಡ್ತೀನಿ. ಖಾಲಿ ಇದ್ರ ತಿನ್ನಸೂದು, ತುಂಬಿದ್ರ ಬಿಡೂದು.

ಹ್ವಾದ ಬ್ಯಾಸಗ್ಯಾಗ ಒಂದ ಮಧ್ಯಾಹ್ನ ಒಬ್ಬಾಕಿ ಹೆಣಮಗಳು ಗಂಡನ್ನ ಗಾಲಿ ಕುರ್ಚಿಮ್ಯಾಗ ಕುಂಡ್ರಿಸಿಕೊಂಡು ಬಂದ್ಲು. ಎರಡ ಓಣಿ ಆಚೆ ಹೊಸದಾಗಿ ಬಾಡಗಿಗೆ ಬಂದವರು, ಮೂಲ ಕುಡಚಿಯವರು. ಒಂದ ಪಾರಿವಾಳ ಕೊಡ್ರಿ ಅಂದ್ಲು. ನಾ ಕೇಳಬೇಕಾದ್ದನ್ನ ಕೇಳೂ ಜರೂರನೂ ಇರಲಿಲ್ಲ. ಗಂಡನ ಬಲಗೈ ಬಲಗಾಲ ಬಿದ್ದಿದ್ವು, ಬಾಯಿ ಒಂದ ಕಡೆ ಜಗ್ಗಿತ್ತು.

"ಗಾಳಿ ಸಲುವಾಗಿ ರೀ ಅಣ್ಣಾರ," ಅಂದ್ಲು.

ಕೊಡಾಕ ಬರೂದಿಲ್ಲ ಅಂದೆ. ಆಕಿ ಜಗಳಾಡಲಿಲ್ಲ. ಹಂಗಾದ್ರ ಇವರನ್ನ ದಿನಾ ಒಂದ ತಾಸ ಆ ಶೆಡ್ಡಿನ್ಯಾಗ ಕುಂಡ್ರಸ್ಲೇನು ಅಂತ ಕೇಳಿದ್ಲು. ಅದಕ್ಕ ಒಲ್ಲೆ ಅನ್ನಾಕ ನನಗ ಬಾಯಿ ಬರಲಿಲ್ಲ.

ದಿನಾ ಮೂರಕ್ಕ ಬರಾಕ ಹತ್ತಿದ್ರು. ಆಕಿ ಗಂಡನ್ನ ಬಿಟ್ಟು ಸಂತಿಗೋ ಅರಬಿ ಒಗ್ಯಾಕೋ ಹೋಗ್ತಿದ್ಲು. ಗಿರಣಿ ನಡದಾಗ ನಾ ಹಿಂದ ಹೋಗಿ ಕಾಯಾಕ ಆಗೂದಿಲ್ಲ. ಅದಕ ಅವರು ಬರೂಕಿಂತ ಮೊದಲೊಮ್ಮೆ, ಹೋದ ಮ್ಯಾಲೊಮ್ಮೆ ಪಾರಿವಾಳ ಎಣಸ್ತಿದ್ದೆ. ಇಪ್ಪತ್ತಾರ, ಇಪ್ಪತ್ತಾರ. ನನ್ನ ಹೆಂಡತಿ ನಕ್ಕಳು. ಸಂತ್ಯಾಗ ದಲಾಲಿ ಕುರಿ ಎಣಿಸಿದಂಗ ಅವರ ಕಣ್ಣ ಮುಂದನ ಎಣಸ್ತೀರಲ್ಲ, ನಿಮಗ ನಾಚಿಕಿ ಬರೂದಿಲ್ಲೇನು ಅಂದ್ಲು. ನಾ ಎಣಸೂದ ಬಿಡಲಿಲ್ಲ.

ಒಂದ ಹದಿನೈದ ದಿನದ ಮ್ಯಾಲ, ಸಂಜೀಕ ಬೂದಿ ಬಣ್ಣದ್ದನ್ನ ಹಿಡದು ಎದಿ ಒತ್ತಿ ನೋಡಿದ್ರ ಚೀಲ ತುಂಬೇತಿ. ನಾ ಮುಂಜಾನೆ ತಿನ್ನಿಸಿದ್ದು ಅಷ್ಟೊತ್ತಿಗೆ ಕರಗಿರಬೇಕಿತ್ತು. ಮರುದಿನನೂ ಹಂಗ. ಮೂರನೇ ದಿನನೂ ಹಂಗ. ಒಳಗ ಕಾಳ ಕೈಗೆ ಹತ್ತಲಿಲ್ಲ, ಮೆತ್ತಗ ಹಿಟ್ಟಿನಂಗ ಇತ್ತು. ಹೆಂಡತಿನ್ನ ಕೇಳಿದೆ, ನಾ ಮುಟ್ಟಿಲ್ಲ ಅಂದ್ಲು. ಹಕ್ಕಿ ತೂಕ ಏರಾಕತ್ತಿತ್ತು, ಕೈಯಾಗ ಗೊತ್ತಾಗತಿತ್ತು.

ನನ್ನ ತಲ್ಯಾಗ ಒಂದ ವಿಚಾರ ಹೊಕ್ಕಿತು. ಕೊಯ್ಯೂ ಕುರಿಗೆ ಮೊದಲ ಛಲೋ ಮೇವ ಹಾಕ್ತಾರ. ಇಪ್ಪತ್ತಾರರಾಗ ಇವರು ಓಡಾಕೂ ಬಾರದ, ಕುಕ್ಕಾಕೂ ಬಾರದ ಹಕ್ಕಿನ ಆರಿಸ್ಯಾರ. ದಪ್ಪ ಮಾಡಿ ಒಂದಿನ ಸೆರಗಿನ್ಯಾಗ ಕಟ್ಟಿಕೊಂಡ ಹೋಗತಾರ.

ಮರುದಿನ ಆಕಿನ್ನ ನಿಲ್ಲಿಸಿ, ಈ ಹಕ್ಕಿಗೆ ಯಾರ ತಿನ್ನಸಾಕತ್ತಾರ ಅಂತ ಕೇಳಿದೆ. ಆಕಿ ನೆಲಾ ನೋಡಿ, ನನಗೇನ ಗೊತ್ರಿ ಅಂದ್ಲು. ಆ ನೆಲಾ ನೋಡಿದ್ದ ನೋಟಾನ ನನಗ ಸಾಕಾತು. ಪಾರಿವಾಳಕ್ಕ ರೋಗ ಬಂದೈತಿ, ನಾಳಿಂದ ಬರಬ್ಯಾಡ್ರಿ ಅಂದೆ. ಸುಳ್ಳ ಹೇಳಿದೆ. ಆಕಿ ಕುರ್ಚಿ ತಿರುವಿಕೊಂಡು ಹೊಂಟ್ಲು. ಗಂಡ ಹೊಳ್ಳಿ ನೋಡಿ ಗಂಟಲಾಗ ಏನೋ ದನಿ ತಗದ. ಬೈದಾ ಅಂತ ತಿಳಕೊಂಡೆ.

ಬೂದಿ ಬಣ್ಣದ್ದನ್ನ ಮನಿ ಒಳಗ ತಂದ ಇಟ್ಟೆ. ಅದು ತಿನ್ನೂದ ಬಿಟ್ಟಿತು. ಬಟಾಣಿ ಬಾಯಾಗ ಇಟ್ರ ತಲಿ ಝಾಡಿಸಿ ಉಗುಳತಿತ್ತು. ಒಳಗ ದೂಡಿದ್ರ ಸ್ವಲ್ಪ ಹೊತ್ತಿನ ಮ್ಯಾಲ ತಿರುಗಿ ಹೊರಗ. ಮೂರನೇ ದಿನಕ್ಕ ಎದಿ ಎಲವು ಚೂರಿ ಹಂಗ ಕೈಗೆ ಹತ್ತಾಕ ಹತ್ತಿತು. ಗಿರಣಿ ಬಂದ್ ಇಟ್ಟು ಬುಟ್ಟಿ ತಗೊಂಡು ಬಸ್ಸಿಗೆ ಚಿಕ್ಕೋಡಿಗೆ ಹ್ವಾದೆ, ದನದ ಡಾಕ್ಟರಿಗೆ ತೋರಿಸಿದೆ. ಅವರು ಬಾಯಿ ನೋಡಿದ್ರು, ಹೊಟ್ಟಿ ನೋಡಿದ್ರು, ಹೊಸ ರೋಗ ಏನೂ ಇಲ್ಲ, ಇನ್ನೊಂದ ದಿನ ತಿನ್ನಲಿಲ್ಲಂದ್ರ ಉಳಿಯೂದಿಲ್ಲ ಅಂದ್ರು. ಮೊದಲ ಯಾರ ಕೈಯಾಗ ತಿನ್ನತಿತ್ತು ಅಂತ ಕೇಳಿದ್ರು. ನನ್ನ ಕೈಯಾಗನ ಅಂದೆ. ಬಸ್ಸಿನ್ಯಾಗ ಬುಟ್ಟಿ ತೊಡಿ ಮ್ಯಾಲ ಇಟಗೊಂಡು ಕುಂತಾಗ, ಅದು ಅರ್ಧಾ ಸುಳ್ಳು ಅಂತ ನನಗ ಅನಸಾಕ ಹತ್ತಿತು.

ಸ್ಟ್ಯಾಂಡಿನಿಂದ ಸೀದಾ ಆ ಗಂಡ ಹೆಂಡತಿ ಮನಿಗೆ ಹ್ವಾದೆ. ಕೊಯ್ಯೂವರ ಬಾಗಲಕ್ಕ ನಾನ ಒಯ್ದು ಮುಟ್ಟಸಾಕತ್ತೀನೇನು ಅಂತ ಹಾದ್ಯಾಗ ಎರಡ ಸಲ ನಿಂತೆ.

ಆಕಿ ಬಾಗಲಾಗ ಅಕ್ಕಿ ಆರಸಾಕತ್ತಿದ್ಲು. ಬುಟ್ಟಿ ನೋಡಿ, "ನಾವು ಅಲ್ಲಿ ಬಂದ್ರ ರೋಗ, ನೀವು ಇಲ್ಲಿ ತಂದ್ರ ರೋಗ ಇಲ್ಲೇನ್ರಿ?" ಅಂದ್ಲು. ನಾ ಬುಟ್ಟಿ ಮುಚ್ಚಳಾ ತಗದು ತೋರಿಸಿದೆ. ಆಕಿ ಎದ್ದು ದಾರಿ ಬಿಟ್ಲು.

ಗಂಡ ಮಂಚದ ಮ್ಯಾಲ ಗ್ವಾಡಿಗೆ ಆನಿಕೊಂಡ ಕುಂತಿದ್ದ. ಎಡಗೈ ಚಾಚಿದ. ನಾ ಹಕ್ಕಿ ಕೊಡಲಿಲ್ಲ, ನನ್ನ ಎರಡೂ ಕೈಯಾಗ ಹಿಡಕೊಂಡು ಬಾಜೂಕ ಕುಂತೆ. ಅಂವ ಹೆಂಡತಿ ಕಡೆ ನೋಡಿದ. ಆಕಿ ಒಂದ ಬಟ್ಟಲದಾಗ ನೆನಸಿದ ಕಡ್ಲಿ ತಂದ್ಲು. ಅಂವ ಸರಿ ಇದ್ದ ಎಡ ದವಡ್ಯಾಗ ಇಟ್ಟು ಭಾಳ ಹೊತ್ತ ಅಗದ. ಬಲಗಡೆ ತುಟಿಯಿಂದ ರಸಾ ಸೋರಿ ಅಂಗಿ ಮ್ಯಾಲ ಬಿತ್ತು. ಆಮ್ಯಾಲ ಎಡಗೈಲೆ ಹಕ್ಕಿ ತಲಿ ಹಿಡದು, ತಿರುಗಿದ ಕುತ್ತಿಗಿ ಹಂಗ ತಿರುಗಿದ್ದಾಗನ, ತಾನ ತಲಿ ಕೆಳಗ ಮಾಡಿ ಅದರ ಕೊಕ್ಕ ತನ್ನ ತುಟಿ ಒಳಗ ತಗೊಂಡ. ಹಕ್ಕಿ ನನ್ನ ಕೈಯಾಗ ನಡುಗಿತು. ಮರಿ ತಾಯಿ ಬಾಯಾಗಿಂದ ಉಣ್ಣೂವಾಗ ನಡುಗತೈತಲ್ಲ, ಹಂಗ. ಎದಿ ಮ್ಯಾಲ ಬೆರಳ ಇಟ್ಟ ನೋಡಿದೆ. ಚೀಲ ತುಂಬಾಕತ್ತಿತ್ತು.

ಪಾರಿವಾಳ ಹಾರಸೂ ಶೋಕಿ ಇದ್ದವರು ತಾಯಿ ಸತ್ತ ಮರಿಗೆ ಹಿಂಗ ತಿನ್ನಸ್ತಾರ ಅಂತ ಕೇಳಿದ್ದೆ, ಕಂಡಿರಲಿಲ್ಲ. ಕುಡಚ್ಯಾಗ ಇವರ ಮಾಳಗಿ ಮ್ಯಾಲ ಎಂಬತ್ತ ಪಾರಿವಾಳ ಇದ್ವಂತ. ಗಂಡ ಬಿದ್ದ ಮ್ಯಾಲ ಆಕೀನ ಎಲ್ಲಾ ಕೊಟ್ಟ ಬಿಟ್ಟಿದ್ಲು. ಶೆಡ್ಡಿನ್ಯಾಗ ಹಕ್ಕಿನ ಗಂಡನ ತೊಡಿ ಮ್ಯಾಲ ಇಟ್ಟು, ಕಡ್ಲಿ ಕೊಟ್ಟು ಹೋಗತಿದ್ದಾಕಿನೂ ಆಕೀನ ಅಂತ.

ಅವತ್ತ ಕೇಳಿದಾಗ ಯಾಕ ಹೇಳಲಿಲ್ಲ ಅಂದೆ.

"ಎಂಜಲಾ ತಿನ್ನಸ್ತಾರ ಅಂದಿದ್ರ ನೀವು ಒಳಗ ಬಿಡತಿದ್ರೇನ್ರಿ?"

ಬಿಡತಿದ್ದಿಲ್ಲ. ಅದು ಖರೇ. ಆಕೀನ ಮುಂದ ಮಾತಾಡಿದ್ಲು.

"ಇನ್ನೊಂದ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ ಅಣ್ಣಾರ. ಮೊದಲನೇ ದಿನ ನಾ ರಕ್ತದ ಸಲುವಾಗೇ ಬಂದಿದ್ದೆ. ಐಗಳಿ ಊರಿಂದ ನಮ್ಮಣ್ಣ ಹೇಳಿ ಕಳಿಸಿದ್ದ. ಆಮ್ಯಾಲ ಇವರು ಆ ಹಕ್ಕಿನ ಬಾಯಿಗೆ ಹಚ್ಚಿಕೊಂಡದ್ದ ನೋಡಿ ನನ್ನ ಕೈ ಹೋಗಲಿಲ್ಲ."

ನಾ ಹಕ್ಕಿನ ಗಟ್ಟಿಯಾಗಿ ಹಿಡಕೊಂಡೆ. ಅಂವ ಹೆಂಡತಿ ಮಾತ ಕೇಳಿಯೂ ಕೇಳದಂಗ ಇನ್ನೊಂದ ತುತ್ತ ಕಡ್ಲಿ ಅಗ್ಯಾಕತ್ತಿದ್ದ. ಒಯ್ಯೂದಿದ್ರ ಒಯ್ರಿ, ಆದ್ರ ಇವರು ಬಾಯಿಂದ ಬರೂ ಎರಡ ಮಾತೂ ಆಡೂದ ಬಿಟ್ಟ ಮೂರ ದಿನಾತು ಅಂದ್ಲು ಆಕಿ.

ಒಯ್ದ್ರ ಹಕ್ಕಿ ನಾಳಿಗೆ ಸಾಯ್ತಿತ್ತು. ಬಿಟ್ರ ಐಗಳಿ ಅಣ್ಣನ ಮಾತ ಇತ್ತು. ನಿಮ್ಮಣ್ಣ ಯಾವಾಗ ಬರ್ತಾನು ಅಂತ ಕೇಳಿದೆ. ಆಯ್ತಾರಕ್ಕೊಮ್ಮೆ ಬರ್ತಾನು ಅಂದ್ಲು.

"ಹಂಗಾದ್ರ ಹಕ್ಕಿ ಇಲ್ಲೇ ಇರ್ಲಿ ಅಕ್ಕಾರ. ಆಯ್ತಾರ ಮುಂಜಾನೆ ನಾ ಬಂದು ಒಯ್ತೀನಿ, ಸೋಮಾರ ತಂದ ಬಿಡ್ತೀನಿ."

ಆಕಿ ನಕ್ಕಿದ್ದನ್ನ ನಾ ಅವತ್ತ ಮೊದಲ ನೋಡಿದೆ. "ನಮ್ಮಣ್ಣನ ಮ್ಯಾಲ ನಿಮಗಿಂತ ನನಗ ಸಂಶೆ ಹೆಚ್ಚ ಐತ್ರಿ," ಅಂದ್ಲು. "ಅಂವ ಒಮ್ಮೊಮ್ಮೆ ಮೊದಲನೇ ಬಸ್ಸಿಗೇ ಬರ್ತಾನು. ಶನಿವಾರ ಸಂಜೀಕನ ಒಯ್ರಿ."

ಈಗ ಹಂಗ ನಡದೈತಿ. ಶನಿವಾರ ಗಿರಣಿ ಮುಚ್ಚಿ ಹಕ್ಕಿ ತರಾಕ ಹ್ವಾದ್ರ, ಆಯ್ತಾರ ದಾಟಲಿ ಅಂತ ಆಕಿ ಗಂಡ ಅದಕ್ಕ ಎರಡ ತುತ್ತ ಹೆಚ್ಚ ಅಗದು ತಿನ್ನಿಸಿರ್ತಾನು.