ಸೀಟಿನಡಿಯ ತಂತಿ

ವೆಂಡೆಲ್ ಬಚ್ಚಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಅವನ ಹೆಂಡತಿ ಆರ್ಡಿತ್ ಕೊಟ್ಟಿಗೆಗೆ ಹೋಗಿ, ಅವನ ಕುಳ್ಳ ಟ್ರ್ಯಾಕ್ಟರಿನ ಸೀಟು ಎತ್ತಿ, ಅದರಡಿ ಬಿಗಿದಿದ್ದ ತಂತಿಯ ತುಂಡು ಕಿತ್ತು ಕೋಟಿನ ಜೇಬಿಗಿಳಿಸಿದಳು. ಬೆರಳುದ್ದದ ತಂತಿ. ಅದನ್ನು ಅವಳು ಕಿತ್ತ ಜಾಗ್ರತೆ ನೋಡಿದ್ದರೆ ಬಾಂಬು ಬಿಚ್ಚುತ್ತಿದ್ದಾಳೆ ಅನ್ನಬೇಕು.

ಈ ಟ್ರ್ಯಾಕ್ಟರುಗಳು ಹಿತ್ತಿಲು ಉಳುವುದಕ್ಕೆ, ಹುಲ್ಲು ಕತ್ತರಿಸುವುದಕ್ಕೆ ಆದಂಥವು. ದೊಡ್ಡ ಟ್ರ್ಯಾಕ್ಟರು ಈದ ಮರಿಯ ಹಾಗಿರುತ್ತವೆ. ಕೂತವನು ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲಿ ಅಂತ ಸೀಟಿನಡಿ ಒಂದು ಸ್ವಿಚ್ಚು ಇಟ್ಟಿರುತ್ತಾರೆ. ಆದರೆ ಉಳುವಾಗ ಬಲಗಡೆಯ ಚಕ್ರ ಸಾಲಿನೊಳಕ್ಕೆ ಇಳಿದು ಗಾಡಿ ಓರೆಯಾಗುತ್ತದೆ. ಹಿಂದಿನ ನೇಗಿಲು ನೋಡಬೇಕೆಂದರೆ ಕುಂಡೆ ಎತ್ತಬೇಕು. ಕುಂಡೆ ಎತ್ತಿದರೆ ಎಂಜಿನ್ ಸತ್ತಿತು. ಹಾಗಾಗಿ ಅಮೆರಿಕದ ಓಹಾಯೋದ ಆ ಸೀಮೆಯಲ್ಲಿ ಈ ಕುಳ್ಳ ಗಾಡಿಗಳ ಹುಚ್ಚು ಹತ್ತಿದ ಗಂಡಸರೆಲ್ಲ ಹೊಸ ಗಾಡಿ ಕೊಟ್ಟಿಗೆಗೆ ಬಂದ ದಿನವೇ ಸ್ವಿಚ್ಚಿನ ಎರಡು ತುದಿಗೆ ತಂತಿ ಬಿಗಿದು ಅದರ ಬಾಯಿ ಮುಚ್ಚಿಸುತ್ತಾರೆ. ಆಮೇಲೆ ಕೂತವನು ಬಿದ್ದರೂ ಎಂಜಿನ್ ನಿಲ್ಲದು. ಅದು ತಪ್ಪು ಅಂತ ಅವರಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ. ಆರ್ಡಿತಳಿಗೂ ಆ ಬೇಸಿಗೆಯವರೆಗೆ ಅನ್ನಿಸಿರಲಿಲ್ಲ.

ಬೇಸಿಗೆಯಲ್ಲಿ ಒಂದು ಸಂಜೆ ಊಟಕ್ಕೆ ಕರೆಯಲು ಹೋದವಳಿಗೆ ವೆಂಡೆಲ್ ಕೊಟ್ಟಿಗೆಯ ನೆಲದ ಮೇಲೆ ಮಕಾಡೆ ಬಿದ್ದದ್ದು ಕಂಡಿತ್ತು. ಕಣ್ಣು ಬಿಟ್ಟವನು ಎಣ್ಣೆ ಮೇಲೆ ಕಾಲು ಜಾರಿತು ಅಂದ. ನೆಲದಲ್ಲಿ ಎಣ್ಣೆ ಇರಲಿಲ್ಲ. ಆಮೇಲೆ ಒಂದು ದಿನ ಊಟದ ಮೇಜಿನಲ್ಲೇ, ಮಾತಿನ ಮಧ್ಯೆ, ಅವನ ಮುಖ ಹುರುಳಿಕಾಯಿ ತಟ್ಟೆಯೊಳಕ್ಕೆ ಇಳಿಯಿತು. ಯಾರೋ ದೀಪ ಆರಿಸಿದ ಹಾಗೆ. ಎದ್ದು ಮುಖ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಉಪ್ಪು ಕೇಳಿದ.

"ಡಾಕ್ಟರ್ ಹತ್ರ ಹೋಗೋಣ," ಅಂದಿದ್ದಳು ಆರ್ಡಿತ್.

"ಹೋದ್ರೆ ಅವನು ಮೊದಲು ಕಿತ್ಕೊಳೋದು ನನ್ನ ಲೈಸೆನ್ಸು. ಉಳೋ ದಿನ ಮುಗೀಲಿ. ಆಮೇಲೆ ನೀನು ಹೇಳಿದಲ್ಲಿಗೆ ಬರ್ತೀನಿ. ಅಲ್ಲೀವರೆಗೆ ರೋಂಡಾಗೂ ಹೇಳ್ಬೇಡ, ಯಾರಿಗೂ ಹೇಳ್ಬೇಡ. ಮಾತು ಕೊಡು."

ರೋಂಡಾ ಅವರ ಒಬ್ಬಳೇ ಮಗಳು. ಆರ್ಡಿತ್ ಮಾತು ಕೊಟ್ಟಳು. ಕೊಟ್ಟ ಗಳಿಗೆಯಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ಗಂಡನ ಗೊರಕೆ ನಿಂತರೆ ಎದೆ ಹಾರುತ್ತಿತ್ತು, ಶುರುವಾದರೆ ನಿಂತೀತು ಅಂತ ಹಾರುತ್ತಿತ್ತು.

ಹೆದರಿಕೆ ಅವಳಿಗೆ ಹೊಸದೇನಲ್ಲ, ಅದು ಅವಳ ಕಸುಬು. ಕೂದಲು ನೆರೆಯುವ ತನಕ ಶಾಲೆಯ ಬಸ್ಸು ಓಡಿಸಿದವಳು. ಚಕ್ರದ ಮುಂದೆ ಮಗು ಬಗ್ಗಿದೆಯೋ, ಮಂಜಿನಲ್ಲಿ ರಸ್ತೆ ದಾಟುತ್ತಿದೆಯೋ ಅಂತ ದಿನಾ ಹೆದರಿ ಸಂಬಳ ತಗೊಂಡವಳು. ಬಸ್ಸು ನಿಲ್ಲಿಸಿದ ಮೇಲೆ ಕೊನೆಯ ಸೀಟಿನವರೆಗೆ ನಡೆದು, ಪ್ರತಿ ಸೀಟೂ ಮುಟ್ಟಿ ನೋಡಿ, ಯಾವ ಮಗುವೂ ಮಲಗಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಇಳಿಯುವವಳು. ನಿವೃತ್ತಿಯಾದ ಮೇಲೂ ಯಾವ ಗಾಡಿ ನಿಲ್ಲಿಸಿದರೂ ಕುತ್ತಿಗೆ ಹಿಂದಕ್ಕೆ ತಿರುಗಿಬಿಡುತ್ತಿತ್ತು. "ಎಲ್ಲಾ ಮಕ್ಳೂ ಇಳಿದ್ರಾ, ಹೆದರುಪುಕ್ಕಿ?" ಅಂತ ವೆಂಡೆಲ್ ಪ್ರತಿ ಸಲ ಕಿಚಾಯಿಸುತ್ತಿದ್ದ.

ವಯಸ್ಸಿದ್ದಾಗ ಒಮ್ಮೆ ಬಸ್ಸುಗಳ ಬ್ರೇಕು ಸವೆದು ಕಿರುಗುಟ್ಟುತ್ತಿದ್ದವು. ಮುಂದಿನ ವರ್ಷ ನೋಡೋಣ ಅಂದರು ಮೇಲಿನವರು. ಧೈರ್ಯವಂತ ಚಾಲಕರು ಅದೇ ಬ್ರೇಕಿನಲ್ಲಿ ಓಡಿಸಿದರು. ಆರ್ಡಿತ್ ಮತ್ತು ಅವಳಂಥ ನಾಲ್ಕಾರು ಅಂಜುಬುರುಕರು ಬಸ್ಸುಗಳನ್ನು ಅಂಗಳದಲ್ಲಿ ಅಡ್ಡ ನಿಲ್ಲಿಸಿ, ಕೀಲಿಗಳನ್ನು ಜೇಬಿಗೆ ಹಾಕಿಕೊಂಡು, ಹಿಮದಲ್ಲಿ ನಿಂತರು. ಕೆಲಸದಿಂದ ತೆಗೆಯುತ್ತೇವೆ ಅಂದಾಗಲೂ ಕೀಲಿ ಕೊಡಲಿಲ್ಲ. ಮುಷ್ಕರ ಅಂದರೆ ಎದೆಗಾರಿಕೆ ಅನ್ನುವವರು ಮುಷ್ಕರದಲ್ಲಿ ನಿಂತವರಲ್ಲ. ಅಲ್ಲಿ ನಿಂತವರಿಗೆ ಕೆಲಸ ಹೋಗುವ ಭಯಕ್ಕಿಂತ ಇನ್ನೊಂದು ಭಯ ಹೆಚ್ಚಿತ್ತು, ಅಷ್ಟೆ. ಹೊಸ ಬ್ರೇಕು ಬಂತು.

ಕುಳ್ಳ ಟ್ರ್ಯಾಕ್ಟರಿನವರೆಲ್ಲ ಕೂಡಿ ಉಳುವ ದಿನ ಡೆಲ್ಬರ್ಟನ ಹೊಲದಲ್ಲಿ; ಆ ಬೆಳಿಗ್ಗೆಯೇ ಆರ್ಡಿತ್ ತಂತಿ ಕಿತ್ತದ್ದು. ಡೆಲ್ಬರ್ಟ್ ವೆಂಡೆಲನ ಬಾಲ್ಯದ ಗೆಳೆಯ, ಬಾಯಿ ಜೋರು. ಮೆಕ್ಕೆಜೋಳ ಕಟಾವಾಗಿ ಕೂಳೆ ನಿಂತಿತ್ತು. ಹಸಿರು, ಕೆಂಪು, ಹಳದಿ ಕುಳ್ಳ ಟ್ರ್ಯಾಕ್ಟರುಗಳು ತೊಳೆದು ಒರೆಸಿಕೊಂಡು ಮದುವೆ ದಿಬ್ಬಣದ ಹಾಗೆ ಸಾಲಾಗಿ ನಿಂತಿದ್ದವು. ಹೊಲದ ಈ ತುದಿಯಲ್ಲಿ ಡೇರೆ, ಡೇರೆಯೊಳಗೆ ಉದ್ದದ ಮೇಜು, ಮೇಜಿನ ತುಂಬ ಆಲೂಗಡ್ಡೆ ಸಲಾಡು, ಕೊಚ್ಚಿದ ಮಾಂಸ ತುಂಬಿದ ಬನ್ನು, ಸೇಬಿನ ಕಡುಬು. ಡೇರೆಯ ಮುಂದೆ ಹುಲ್ಲಿನ ಪೆಂಡಿಗಳ ಮೇಲೆ ಮಕ್ಕಳು. ಅವರಲ್ಲಿ ರೋಂಡಾಳ ಅವಳಿ ಹುಡುಗಿಯರೂ ಇದ್ದರು. ಪೆಂಡಿಗಳ ಪಕ್ಕದಲ್ಲೇ ಕೆಂಪು ಬಾವುಟದ ಕೋಲು.

ಮೊದಲ ಸಾಲು ವೆಂಡೆಲನದು. ಈ ಕೂಟ ಶುರು ಮಾಡಿದವನೇ ಅವನು. ಆಚೆ ತುದಿಯಿಂದ ಹೊರಟು, ಬಾವುಟದ ಮೇಲೆ ಕಣ್ಣಿಟ್ಟು, ನೇರ ಡೇರೆಯ ಕಡೆಗೆ ಬರಬೇಕು. ಉಳಿದವರೆಲ್ಲ ಅದೇ ಸಾಲಿಗೆ ಚಕ್ರ ಇಳಿಸಿ ಹಿಂಬಾಲಿಸುತ್ತಾರೆ. ಹಾಗಾಗಿ ಮೊದಲಿನವನು ಎಳೆದ ಗೆರೆಯೇ ಸಂಜೆಯ ತನಕ ಹೊಲದ ಗೆರೆ.

ಆರ್ಡಿತ್ ಆಚೆ ತುದಿಗೆ ಗಂಡನ ಜೊತೆಯೇ ಹೋಗಿ ನಿಂತಳು. ವೆಂಡೆಲ್ ಹೊರಟು ನಾಲ್ಕು ಮಾರು ಹೋಗಿದ್ದ, ನೇಗಿಲು ನೋಡಲು ಎದ್ದ. ಎಂಜಿನ್ ನಿಂತಿತು. ಮತ್ತೆ ಹೊರಟ, ಮತ್ತೆ ಎದ್ದ, ಮತ್ತೆ ನಿಂತಿತು.

"ಏನಪ್ಪಾ ವೆಂಡೆಲ್, ಗಾಡಿಗೂ ನಿನ್ನಷ್ಟೇ ವಯಸ್ಸಾಯ್ತಾ?" ಅಂತ ಡೆಲ್ಬರ್ಟ್ ನಗುತ್ತಾ ಬಂದ. ಸೀಟು ಎತ್ತಿ ನೋಡಿದವನು ಶಿಳ್ಳೆ ಹೊಡೆದ. "ತಂತಿನೇ ಇಲ್ವಲ್ಲೋ. ಇಲಿ ತಿಂತಾ?"

ವೆಂಡೆಲ್ ಹೆಂಡತಿಯ ಮುಖ ನೋಡಿದ. ಅವಳ ಕೈ ಜೇಬಿನೊಳಗಿತ್ತು. ಅವನಿಗೆ ಎಲ್ಲ ತಿಳಿಯಿತು.

"ದೊಡ್ಡ ಇಲಿ. ಕೋಟು ಹಾಕ್ಕೊಂಡಿರೋ ಇಲಿ," ಅಂದ.

"ಹಾಗೇ ಇರ್ಲಿ ಬಿಡು ಡೆಲ್ಬರ್ಟ್. ಎದ್ದು ನೋಡ್ದೇ ಉಳ್ತಾನೆ," ಅಂದಳು ಆರ್ಡಿತ್.

"ಬಿಡಮ್ಮಾ ತಾಯಿ. ಆ ಸ್ವಿಚ್ಚು ಹೆಂಗಸರು ಮಕ್ಕಳಿಗೆ." ಡೆಲ್ಬರ್ಟ್ ಅಂಗಿ ಜೇಬಿನಿಂದ ತಂತಿಯೊಂದು ತೆಗೆದ. ಅಲ್ಲಿದ್ದ ಗಂಡಸರೆಲ್ಲರ ಜೇಬಿನಲ್ಲೂ ಅಂಥದ್ದೊಂದು ತುಂಡು ಇತ್ತು. ಅವಳು ಒಂದು ಕಿತ್ತಿದ್ದಳು, ಅಲ್ಲಿ ಇಪ್ಪತ್ತು ಸಿದ್ಧವಾಗಿದ್ದವು. ಎರಡು ತಿರುವು ತಿರುವಿ ಅವನು ಸೀಟು ಮುಚ್ಚಿದ. ಎಂಜಿನ್ ಗುಡುಗಿತು.

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಕೊಟ್ಟ ಮಾತು ಹಿಡಿದುಕೊಂಡಿತು. ಗಾಡಿ ಹೊರಟಿತು. ಆರ್ಡಿತ್ ಅದರ ಎಡಗಡೆ, ಕೀಲಿಗೆ ಕೈ ಎಟುಕುವಷ್ಟು ಹತ್ತಿರದಲ್ಲಿ, ಕೂಳೆ ತುಳಿಯುತ್ತಾ ನಡೆಯತೊಡಗಿದಳು.

"ನೋಡ್ರೋ, ಹೊಸ ಜೋಡಿ," ಅಂತ ಹಿಂದಿನಿಂದ ಡೆಲ್ಬರ್ಟ್ ಕೂಗಿದ. "ತೊಡೆ ಮೇಲೆ ಕೂರಿಸ್ಕೊಳೋ ವೆಂಡೆಲ್, ಪಾಪ, ಕಾಲು ನೋಯುತ್ತೆ."

"ಆ ಕಡೆ ಹೋಗೇ, ಮಾನ ಕಳೀತಿದೀಯ," ಅಂದ ವೆಂಡೆಲ್ ಹಲ್ಲು ಕಚ್ಚಿ, ಬಾವುಟದಿಂದ ಕಣ್ಣು ತೆಗೆಯದೆ.

ಅವಳು ಹೋಗಲಿಲ್ಲ. ನಡಿಗೆಯ ವೇಗ ಅಷ್ಟೆ ಗಾಡಿಯದು, ಆದರೆ ಅವಳ ಉಸಿರು ಓಡಿದವಳಂತಿತ್ತು. ಅವಳು ಬಾವುಟ ನೋಡಲಿಲ್ಲ, ನೇಗಿಲು ನೋಡಲಿಲ್ಲ, ಗಂಡನ ಬೆರಳುಗಳನ್ನು ನೋಡಿದಳು. ಸ್ಟಿಯರಿಂಗ್ ಚಕ್ರ ಬಿಗಿ ಹಿಡಿದ ಬೆರಳುಗಳು. ಹಿಡಿದಿವೆ. ಇನ್ನೂ ಹಿಡಿದಿವೆ. ನೇಗಿಲಿನ ಬಾಯಿಂದ ಕಪ್ಪು ಮಣ್ಣು ಹೊಳೆಯುತ್ತಾ ಮಗುಚಿಕೊಳ್ಳುತ್ತಿತ್ತು. ಅವನು ಆ ಕಡೆ ಬಿದ್ದರೆ ಆ ಅಲಗು ಏನು ಮಾಡೀತು ಅನ್ನುವುದನ್ನು ಅವಳ ತಲೆ ಬೇಡವೆಂದರೂ ಚಿತ್ರ ಬಿಡಿಸಿ ತೋರಿಸುತ್ತಿತ್ತು. ಡೇರೆ ದೊಡ್ಡದಾಗುತ್ತಾ ಬಂತು. ಅವಳಿಗಳ ಕೆಂಪು ಟೋಪಿ ಕಂಡಿತು. ಒಬ್ಬಳು ಪೆಂಡಿಯಿಂದ ಇಳಿದು ಬಾವುಟದ ಕೋಲು ಹಿಡಿದು ನಿಂತು, ತಾತನಿಗೆ ಕೈ ಬೀಸಿದಳು.

ಬೆರಳುಗಳು ಬಿಚ್ಚಿಕೊಂಡವು.

ಅವಸರವೇನೂ ಇಲ್ಲದೆ, ಹೂ ಅರಳಿದ ಹಾಗೆ ಬಿಚ್ಚಿಕೊಂಡವು. ಗಲ್ಲ ಎದೆಗಿಳಿಯಿತು, ಮೈ ಬಲಕ್ಕೆ, ನೇಗಿಲಿನ ಕಡೆಗೆ, ವಾಲಿತು. ಗಾಡಿಯ ಮೂತಿಯೂ ಬಲಕ್ಕೆ ತಿರುಗಿತು. ಆರ್ಡಿತ್ ಒಂದು ಕೈಯಲ್ಲಿ ಅವನ ಕೋಟಿನ ಕಾಲರು ಹಿಡಿದು ಜಗ್ಗಿದಳು, ಇನ್ನೊಂದರಲ್ಲಿ ಕೀಲಿ ತಿರುಗಿಸಿ ಹಿರಿದಳು. ಎಂಜಿನ್ ಕೆಮ್ಮಿ ನಿಂತಿತು. ಹೊಲದಲ್ಲಿ ಕಾಗೆಗಳ ಸದ್ದು ಕೇಳಿತು. ಅವನ ಭಾರವೆಲ್ಲ ಅವಳ ಒಂದು ಮುಷ್ಟಿಯಲ್ಲಿತ್ತು.

"ಮತ್ತೆ ಕೈ ಕೊಡ್ತಾ?" ದೂರದಿಂದ ಡೆಲ್ಬರ್ಟನ ಕೂಗು, ಜೊತೆಗೆ ನಗು. ಡೇರೆಯವರೂ ನಕ್ಕರು. ಹಿಂದಿನಿಂದ, ಮುಂದಿನಿಂದ ನೋಡಿದವರಿಗೆ ಗಂಡನ ಕಾಲರು ಹಿಡಿದು ಜಗಳ ಕಾಯುತ್ತಿರುವ ಹೆಂಡತಿ ಕಂಡಿದ್ದಳು ಅಷ್ಟೆ.

ವೆಂಡೆಲನ ಕಣ್ಣು ತೆರೆಯಿತು. ಮುಖ ಬೂದಿಯಂತಿತ್ತು. "ಯಾಕೆ ಆಫ್ ಮಾಡ್ದೆ?"

"ನೀನು ಆಫ್ ಆಗಿದ್ದೆ."

ಅವನು ಸುತ್ತ ನೋಡಿದ. ಯಾರಿಗೂ ಗೊತ್ತಾಗಿಲ್ಲ ಅನ್ನುವುದು ಅವನಿಗೆ ಹೊಳೆಯುವುದನ್ನು ಅವಳು ಕಣ್ಣಾರೆ ಕಂಡಳು. "ಕೀ ಕೊಡು," ಅಂದ ಮೆಲ್ಲಗೆ. "ಇನ್ನು ಇಷ್ಟೇ ಇರೋದು. ಮುಗಿಸಿಬಿಡ್ತೀನಿ ಕಣೇ."

ಕೀಲಿ ಅವಳ ಅಂಗೈಯಲ್ಲಿ ಬಿಸಿಯಾಗಿತ್ತು. ಕೊಟ್ಟರೆ ಅವನು ಬಾವುಟ ಮುಟ್ಟಿಯಾನು, ಎಲ್ಲರೂ ಚಪ್ಪಾಳೆ ತಟ್ಟಿಯಾರು, ರಾತ್ರಿ ಮತ್ತೆ ಅವಳು ಗೊರಕೆ ಕೇಳುತ್ತಾ ಮಲಗಬಹುದು. ಕೊಡದಿದ್ದರೆ ಅವನು ಈ ಹೊಲದಲ್ಲಿ, ಈ ಜನರ ಮುಂದೆ, ರೋಗಿಯಾಗುತ್ತಾನೆ. ಅವನು ಇದನ್ನು ಕ್ಷಮಿಸುವವನಲ್ಲ. ಅದಕ್ಕೂ ಅವಳಿಗೆ ಹೆದರಿಕೆಯಿತ್ತು. ಆದರೆ ಬಾವುಟದ ಪಕ್ಕದ ಮಗು ಇನ್ನೂ ಕೈ ಬೀಸುತ್ತಿತ್ತು.

ಕೀಲಿಯನ್ನು ಜೇಬಿಗೆ, ತಂತಿಯ ಪಕ್ಕಕ್ಕೆ, ಹಾಕಿಕೊಂಡಳು.

"ರೋಂಡಾ," ಅಂತ ಮಗಳನ್ನು ಕರೆದಳು. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ದನಿ ಅದು. "ಬಾ ಇಲ್ಲಿ. ನಿಮ್ಮಪ್ಪ ಈಗ ಎಚ್ಚರ ತಪ್ಪಿದ್ದ. ಇದು ಮೂರನೇ ಸಲ."

ನಗು ನಿಂತಿತು. ರೋಂಡಾ ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟು ಓಡಿ ಬಂದಳು.

"ಮಾತು ಕೊಟ್ಟಿದ್ದೆ ನೀನು," ಅಂದ ವೆಂಡೆಲ್.

"ಕೊಟ್ಟಿದ್ದೆ. ಈಗ ವಾಪಸ್ ತಗೊಂಡೆ."

ಅವನನ್ನು ಇಳಿಸಿ ಹುಲ್ಲಿನ ಪೆಂಡಿಯ ಮೇಲೆ ಕೂರಿಸಿದರು. ಅಪ್ಪನನ್ನು ಒಂದು ಮಾತೂ ಕೇಳದೆ ರೋಂಡಾ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ನಾಳೆ ಬೆಳಿಗ್ಗೆಯೇ ಕರೆತನ್ನಿ, ಅಷ್ಟರೊಳಗೆ ಇನ್ನೊಮ್ಮೆ ಬಿದ್ದರೆ ನೇರ ಆಸ್ಪತ್ರೆಗೆ ಅಂದರಂತೆ. ಡೆಲ್ಬರ್ಟ್ ಬಂದು ನಿಂತ. ವೆಂಡೆಲನ ಸೀಟು ಎತ್ತಿ, ತಾನೇ ಬಿಗಿದ ತಂತಿಯನ್ನು ಬಿಚ್ಚಿದ. ಆದರೆ ತನ್ನ ಗಾಡಿಯದನ್ನು ಬಿಚ್ಚಲಿಲ್ಲ. ಬೇರೆ ಯಾರೂ ಬಿಚ್ಚಲಿಲ್ಲ.

ಅಮ್ಮನ ಜೇಬಿನ ಕೀಲಿ ಪಡೆದು, ಉಳಿದ ಸಾಲನ್ನು ಅದೇ ಗಾಡಿಯಲ್ಲಿ ರೋಂಡಾ ಎಳೆದಳು. ವೆಂಡೆಲ್ ವಾಲಿದ ಜಾಗದಲ್ಲಿ ಸಾಲು ಮೊಣಕೈ ಮಡಚಿದಂತೆ ಬಲಕ್ಕೆ ಸೊಟ್ಟಗಾಗಿತ್ತು. ಹಿಂದೆ ಬಂದವರೆಲ್ಲ ಅದಕ್ಕೇ ಚಕ್ರ ಇಳಿಸಿ ಬಂದರು. ಸಂಜೆಯ ಹೊತ್ತಿಗೆ ಹೊಲದಲ್ಲಿ ಅಷ್ಟೂ ಸಾಲುಗಳಿಗೆ ಅದೇ ಜಾಗದಲ್ಲಿ ಅದೇ ಸೊಟ್ಟ. ವೆಂಡೆಲ್ ಪೆಂಡಿಯ ಮೇಲೆ ಕೂತು ಅದನ್ನೇ ನೋಡಿದ. ಹೆಂಡತಿ ತಂದಿಟ್ಟ ಕಡುಬು ಮುಟ್ಟಲಿಲ್ಲ.

ಮನೆಯ ದಾರಿಯಲ್ಲಿ ಟ್ರಕ್ಕು ಆರ್ಡಿತ್ ಓಡಿಸಿದಳು. ಗಂಡ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಉಸಿರು ಕೇಳಿಸಲೆಂದು ಅವಳು ರೇಡಿಯೋ ಹಾಕಲಿಲ್ಲ. ಅಂಗಳದಲ್ಲಿ ನಿಲ್ಲಿಸಿ, ಕೆಳಗಿಳಿದು, ಹಿಂದಕ್ಕೆ ಜೋಡಿಸಿದ್ದ ಟ್ರೇಲರಿನಲ್ಲಿ ಕಟ್ಟಿದ್ದ ಟ್ರ್ಯಾಕ್ಟರಿನ ಹಗ್ಗಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ತಿರುಗಿ ಬಂದರೂ ಅವನು ಇಳಿದಿರಲಿಲ್ಲ. ತಲೆ ಕಿಟಕಿಗೆ ಒರಗಿತ್ತು. ಕಣ್ಣು ಮುಚ್ಚಿತ್ತು.

"ವೆಂಡೆಲ್," ಅಂದಳು.

ಬಾಗಿಲ ಹಿಡಿಗೆ ಕೈ ಹಾಕಿ, ಅವನ ಎದೆ ಏರಿಳಿಯುತ್ತಿದೆಯೇ ಅಂತ ನೋಡಿದಳು.

"ವೆಂಡೆಲ್, ಎಚ್ಚರ ಇದೀಯಾ?"

ಅವನು ಬೇಕೆಂತಲೇ ಕಾಯಿಸಿದ. ಆಮೇಲೆ, ಕಣ್ಣು ತೆರೆಯದೆ, ಅಂದ:

"ಎಲ್ಲಾ ಮಕ್ಳೂ ಇಳಿದ್ರಾ?"

"ಒಬ್ಬ ಇನ್ನೂ ಕೂತಿದಾನೆ," ಅಂದಳು ಆರ್ಡಿತ್. ಬಾಗಿಲು ತೆಗೆದು, ಅವನ ಕಾಲರು ಹಿಡಿದುಕೊಂಡೇ ಇಳಿಸಿದಳು.