ಅಮ್ಮ ಪೆಟ್ಟಿಗೆ ಬಿಚ್ಚಿದ ಬೇಸಿಗೆ

ಆ ದಿನಗಳಲ್ಲಿ ಹಾಸನದಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ ಮೂರು ಪ್ರಶ್ನೆ ತಪ್ಪುತ್ತಿರಲಿಲ್ಲ. ಯಾವ ಜನ, ಎಷ್ಟು ಜನ, ಗೋಡೆಗೆ ಮೊಳೆ ಹೊಡೀತೀರಾ? ಮೊದಲೆರಡಕ್ಕೆ ಅಪ್ಪ ಉತ್ತರ ಹೇಳುತ್ತಿದ್ದರು. ಮೂರನೆಯದಕ್ಕೆ ಅಮ್ಮ ಬಾಗಿಲ ಹಿಂದಿನಿಂದಲೇ "ಒಂದೂ ಹೊಡಿಯಲ್ಲ" ಅನ್ನುತ್ತಿದ್ದಳು. ಆ ಮಾತನ್ನು ಅವಳು ಎಲ್ಲಿಯೂ ತಪ್ಪಿದ್ದಿಲ್ಲ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಎರಡು ವರ್ಷ ತುಂಬುವುದರೊಳಗೆ ವರ್ಗವಾಗುತ್ತಿತ್ತು. ಸಕಲೇಶಪುರದಲ್ಲಿದ್ದಾಗ ಯಾರೋ ಕೊಟ್ಟಿದ್ದ ಪ್ಲೈವುಡ್ಡಿನ ಆರು ಟೀ ಪೆಟ್ಟಿಗೆಗಳು ನಮ್ಮ ಜೊತೆ ಊರೂರು ಸುತ್ತುತ್ತಿದ್ದವು. ಅವುಗಳಲ್ಲಿ ಮೂರನ್ನು ಅಮ್ಮ ಬಿಚ್ಚುತ್ತಿದ್ದಳು, ಮೂರನ್ನು ಹಾಗೇ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಡುತ್ತಿದ್ದಳು. ಬಿಚ್ಚದ ಪೆಟ್ಟಿಗೆಗಳಲ್ಲಿ ಏನಿದೆ ಎಂದು ನನಗೆ ಹತ್ತು ವರ್ಷವಾಗುವವರೆಗೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಹೊಳೆನರಸೀಪುರದಿಂದ ಸರಳಾ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಅಮ್ಮನ ಕೊನೆಯ ತಂಗಿ. ಬಿ.ಎ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ನಡುಮನೆಯಲ್ಲಿ ನಿಂತು ಸುತ್ತ ನೋಡಿ, "ಅಕ್ಕಾ, ಇದೇನೇ ನಿಮ್ಮನೆ ಬಸ್ ಸ್ಟ್ಯಾಂಡಿನ ಥರ ಇದೆ! ಈಗಲೋ ಆಗಲೋ ಎದ್ದು ಹೊರಡೋರ ಹಾಗೆ" ಎಂದಳು.

"ಹೊರಡೋರೇ ಅಲ್ವೇನೇ ನಾವು" ಎಂದು ಅಮ್ಮ ಅಡುಗೆಮನೆಗೆ ಹೋದಳು.

ಮಾರನೆಯ ದಿನವೇ ಚಿಕ್ಕಮ್ಮ ಕೆಲಸಕ್ಕೆ ಇಳಿದಳು. ಹಳೆಯ ಕ್ಯಾಲೆಂಡರು, ಬಂದು ಬಿದ್ದಿದ್ದ ಲಗ್ನಪತ್ರಿಕೆ ಎಲ್ಲವನ್ನೂ ಉದ್ದುದ್ದ ತ್ರಿಕೋನವಾಗಿ ಕತ್ತರಿಸಿದಳು. ಮೈದಾಹಿಟ್ಟಿಗೆ ಹುಳ ಹಿಡಿಯದಿರಲೆಂದು ಒಂದು ಚಿಟಿಕೆ ಮೈಲುತುತ್ತ ಹಾಕಿ ಒಲೆಯ ಮೇಲೆ ಅಂಟು ಕಾಯಿಸಿದಳು. ಮನೆಯೆಲ್ಲ ಅದರ ಬಿಸಿ, ಸಪ್ಪೆ ವಾಸನೆ. ತ್ರಿಕೋನದ ಅಗಲದ ತುದಿಯನ್ನು ಪೊರಕೆಕಡ್ಡಿಗೆ ಸುತ್ತುತ್ತಾ ಹೋದರೆ ಚೂಪು ತುದಿ ನಡುವಿಗೆ ಬಂದು ಅಂಟಿಕೊಳ್ಳುತ್ತಿತ್ತು. ಕಡ್ಡಿ ಎಳೆದರೆ ಹೊಟ್ಟೆಯುಬ್ಬಿದ ಒಂದು ಬಣ್ಣದ ಮಣಿ! ಲಕ್ಷ್ಮಿಯ ಸೀರೆಯ ಕೆಂಪು, ಕೃಷ್ಣನ ಮೈಯ ನೀಲಿ, ಯಾರದೋ ಮದುವೆಯ ಅರಿಶಿನ, ಎಲ್ಲವೂ ಮಣಿಗಳಾದವು. ಊಟವಾದ ಮೇಲೆ ಚಾಪೆ ಹಾಸಿ ಕೂತರೆ ನಾನೂ ಚಿಕ್ಕಮ್ಮನೂ ಏಳುತ್ತಿದ್ದದ್ದು ಕಾಫಿ ಹೊತ್ತಿಗೆ. ಪಕ್ಕದಲ್ಲಿ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು. ಒಂದು ಕೈಗೆ ಅಂಟು, ಇನ್ನೊಂದು ಕೈಗೆ ಖಾರ. ಯಾವ ಕೈಯನ್ನು ಬಾಯಿಗೆ ಇಡಬೇಕು ಎಂದು ಮರೆತು ಎಷ್ಟೋ ಸಲ ಮೈದಾ ಅಂಟನ್ನೇ ನೆಕ್ಕಿ, ಚಿಕ್ಕಮ್ಮ ಗದರಿದಾಗ ಉಗಿದಿದ್ದೇನೆ.

ಮಣಿಗಳನ್ನು ಪೋಣಿಸಿ ಪರದೆ ಮಾಡಿದ್ದಾಯಿತು, ತೂಗುಹಾಕುವುದು ಎಲ್ಲಿಗೆ? ಮೊಳೆಯ ಮಾತೇ ಇಲ್ಲ. ಮನೆಯ ಒಡತಿ ಗೌರಮ್ಮ ಹಿಂದಿನ ಭಾಗದಲ್ಲೇ ಇದ್ದರು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು, ಮುಂದಿನ ಭಾಗ ಬಾಡಿಗೆಗೆ ಕೊಟ್ಟು ಬಾಳುತ್ತಿದ್ದ ಗಟ್ಟಿ ಹೆಂಗಸು. ಸುತ್ತಿಗೆಯ ಸದ್ದು ಕೇಳಿದರೆ ಸಗಣಿ ಕೈಯಲ್ಲೇ ಓಡಿಬರುತ್ತಿದ್ದರು. ಚಿಕ್ಕಮ್ಮ ಒಂದು ಬಿದಿರುಕೋಲನ್ನು ಅಳತೆಗೆ ಕತ್ತರಿಸಿ, ನಡುಮನೆಯ ಬಾಗಿಲ ಚೌಕಟ್ಟಿನ ನಡುವೆ ಬಿಗಿಯಾಗಿ ಸಿಕ್ಕಿಸಿ, ಪರದೆಯನ್ನು ಅದಕ್ಕೆ ಕಟ್ಟಿದಳು. ಹಾಲು ಕೊಡಲು ಬಂದ ಗೌರಮ್ಮ ಪರದೆಯ ಈಚೆ ಆಚೆ ಎರಡು ಸಲ ಓಡಾಡಿದರು. ಮಣಿಗಳು ಮಳೆ ಬಿದ್ದ ಹಾಗೆ ಸದ್ದು ಮಾಡಿದವು.

"ಮೊಳೆ ಎಲ್ ಒಡ್ದೆ ಕೂಸೇ?"

"ಒಡ್ದಿಲ್ಲ ಗೌರಮ್ಮನೋರೇ, ನೋಡ್ಕೊಳಿ."

ನೋಡಿದರು. ಬೆರಳಲ್ಲಿ ಮುಟ್ಟಿಯೂ ನೋಡಿದರು. "ಆಟ ಕಣ್ ನಿಮ್ದು" ಎಂದು ನಕ್ಕು ಹೋದರು.

ಆಮೇಲೆ ನಾವು ಮನೆಯ ಅಂದಕ್ಕೆ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಾ ಹೊರಗೆ ಹೊರಟೆವು. ಹೊಳೆನರಸೀಪುರಕ್ಕೆ ಅಜ್ಜಿಯನ್ನು ನೋಡಲು ಹೋದಾಗ ಹೇಮಾವತಿಯಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ. ಲಂಗದ ಮಡಿಲು ತುಂಬ ನುಣುಪು ಕಲ್ಲು ಆರಿಸಿ ತಂದು ಗಾಜಿನ ಬಾಟಲಿಗೆ ನೀರಿನ ಜೊತೆ ಹಾಕಿಟ್ಟೆವು. ಹಾಸನದ ಬಸ್ ಸ್ಟ್ಯಾಂಡ್ ಹಿಂದಿನ ಗುಜರಿ ಅಂಗಡಿಗಂತೂ ವಾರಕ್ಕೆರಡು ಸಲ. ಅಲ್ಲಿಯ ಸಾಬರು ವಯಸ್ಸಾದವರು. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಹಳೇ ಪೇಪರಿನ ಕಟ್ಟು ಅವರಿಗೆ, ಬದಲಿಗೆ ನಮಗೆ ಬೇಕಾದದ್ದು. ಕಂಠ ಮುರಿದ ಹಿತ್ತಾಳೆ ಹೂಜಿ ಹಾಗೆ ಬಂತು. ಚಿತ್ರವಿಲ್ಲದ ಚೌಕಟ್ಟು ಹಾಗೆ ಬಂತು. ಒಂದು ದಿನ ಅವರೇ ಒಳಗಿನಿಂದ ಗೋಣಿಯಲ್ಲಿ ಸುತ್ತಿದ್ದ ಬಣ್ಣದ ಗಾಜುಗಳನ್ನು ತಂದಿಟ್ಟರು. ಯಾವುದೋ ಹಳೇ ಬಂಗಲೆ ಕೆಡವಿದಾಗ ಸಿಕ್ಕಿದ್ದಂತೆ. ಕೆಂಪು, ಹಸಿರು, ನೀಲಿ, ಜೇನಿನ ಬಣ್ಣ.

"ಒಡ್ದೋಗಿದ್ದೆಲ್ಲ ಆಕಡೆ ಹಾಕಿದೀನಮ್ಮಾ. ಇದು ಉಳ್ದಿದ್ದು. ಇದಕ್ಕೆ ಪೇಪರ್ ಬೇಡ. ಮಗು ಇಷ್ಟೊತ್ತಿಂದ ನೋಡ್ತಾ ಅದೆ, ತಗೊಂಡೋಗಿ" ಎಂದರು.

ಆ ಗಾಜುಗಳನ್ನು ಪಡುವಣ ಕಿಟಕಿಯ ಸರಳುಗಳಿಗೆ ತಂತಿಯಿಂದ ಕಟ್ಟಿದೆವು. ಸಂಜೆ ನಾಲ್ಕಕ್ಕೆ ಬಿಸಿಲು ಇಳಿಯಿತು. ಎದುರಿನ ಬೋಳುಗೋಡೆಯ ಮೇಲೆ ಮೊದಲು ಒಂದು ಕೆಂಪು ಚೌಕ ಮೂಡಿತು, ಅದರ ಪಕ್ಕ ಹಸಿರು, ಆಮೇಲೆ ನೀಲಿ. ನಾನು ನೆಲದ ಮೇಲೆ ಅಂಗಾತ ಮಲಗಿ ಕೈ ಎತ್ತಿ ಹಿಡಿದೆ. ಬೆರಳುಗಳು ನೀಲಿಯಾದವು. ಬಣ್ಣಗಳು ಯಾರಿಗೂ ಕಾಣದ ಹಾಗೆ ಮೆಲ್ಲಗೆ ಗೋಡೆ ಹತ್ತುತ್ತಿದ್ದವು. ಕಣ್ಣು ಮುಚ್ಚಿ ತೆರೆದರೆ ಕೆಂಪು ಗೋಡೆಯ ನಡುವಿನಲ್ಲಿ, ಇನ್ನೊಮ್ಮೆ ಮುಚ್ಚಿ ತೆರೆದರೆ ಸೂರಿನ ಹತ್ತಿರ. ಹಾಗೇ ನಿದ್ದೆ ಬಂತು. ನಡುವೆ ಎಚ್ಚರವಾದಾಗ ಅಮ್ಮ ಆ ಗೋಡೆಯ ಮುಂದೆ ನಿಂತಿದ್ದಳು. ಜೇನಿನ ಬಣ್ಣ ಅವಳ ಕೆನ್ನೆಯ ಮೇಲಿತ್ತು. ಕೈಯಲ್ಲಿ ಸೌಟು ಇತ್ತು. ಒಲೆಯ ಮೇಲೆ ಏನೋ ಸೀಯುತ್ತಿತ್ತು, ಅವಳಿಗೆ ಗೊತ್ತಾಗಿರಲಿಲ್ಲ.

ನಾವು ಮಾಡುತ್ತಿದ್ದದ್ದನ್ನೆಲ್ಲ ಗೌರಮ್ಮ ದಿನವೂ ನೋಡುತ್ತಿದ್ದರು. ಒಂದು ಬೆಳಿಗ್ಗೆ ಬಂದು, "ಇಂಥವೇ ನೋಡ್ಬೇಕು ಅಂದ್ರೆ ನಮ್ ತವರೂರ್ಗೆ ಬನ್ನಿ. ಕೊರವಂಗ್ಲದ್ ಗುಡೀಲಿ ಎಂತೆಂಥ ಚಿತ್ತಾರ ಅವೆ ಅಂತೀರಿ. ಬರ್ತೀಯೇನವ್ವಾ ನೀನೂ?" ಎಂದು ಅಮ್ಮನನ್ನೇ ಕರೆದರು. ಅಮ್ಮ ಬರುತ್ತೇನೆ ಎಂದಾಗ ಚಿಕ್ಕಮ್ಮ ನನ್ನ ಕೈ ಅದುಮಿದಳು.

ಬಸ್ಸಿಳಿದು ಗದ್ದೆಬದುವಿನ ಮೇಲೆ ನಡೆದು ಹೋದೆವು. ದೇವಸ್ಥಾನದಲ್ಲಿ ನಾವು ನಾಲ್ವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಒಳಗೆ ಬಾವಲಿಯ ವಾಸನೆ, ಎಣ್ಣೆಯ ವಾಸನೆ, ತಣ್ಣನೆಯ ಕತ್ತಲು. ಅದು ಬಳಪದ ಕಲ್ಲು ಎಂದು ಚಿಕ್ಕಮ್ಮ ಹೇಳಿದಾಗ, ಇಷ್ಟು ದೊಡ್ಡ ಬಳಪದಿಂದ ಎಷ್ಟು ಸ್ಲೇಟು ಬರೆಯಬಹುದು ಎಂದು ಲೆಕ್ಕ ಹಾಕುತ್ತಾ ನಾನು ಕಂಬಗಳನ್ನು ಸುತ್ತಿದೆ. ಹೊರಗೋಡೆಯ ಕೆಳಗೆ ಒಂದು ಬಳ್ಳಿ ಓಡಿತ್ತು. ಸುತ್ತಿ ಸುತ್ತಿ, ಪ್ರತಿ ಸುತ್ತಿನೊಳಗೂ ಒಂದು ಎಲೆ. ಚಿಕ್ಕಮ್ಮ ನೋಟ್‌ಬುಕ್ ಬಿಡಿಸಿ ಅದನ್ನು ಬರೆಯತೊಡಗಿದಳು. ಅಮ್ಮ ಬೆನ್ನ ಹಿಂದೆ ನಿಂತು ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಎಲೆ ಆ ಕಡೆ ತಿರುಗಲ್ಲ ಕಣೇ. ಕೊಡಿಲ್ಲಿ."

ಪೆನ್ಸಿಲ್ ಕಿತ್ತುಕೊಂಡು ಅಲ್ಲೇ ಕೂತಳು. ಅಮ್ಮನಿಗೆ ಚಿತ್ರ ಬರೆಯಲು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ಗೌರಮ್ಮ ಸೆರಗಿನಲ್ಲಿ ಕಟ್ಟಿದ್ದ ಹುರಿಗಡಲೆ ಬೆಲ್ಲ ತೆಗೆದುಕೊಟ್ಟರು. "ನಾವು ಚಿಕ್ಕವ್ರಾಗಿದ್ದಾಗ ಇಲ್ಲೇ ಕುಂಟೆಬಿಲ್ಲೆ ಆಡ್ತಿದ್ದೋ. ಈ ಬಳ್ಳಿಯ ಒಂದ್ ದಿನಾನೂ ನೋಡ್ನಿಲ್ಲ ಕಣವ್ವಾ ನಾನು" ಎಂದವರು, ಅಮ್ಮನ ಪುಟವನ್ನೇ ನೋಡುತ್ತಾ ಕೇಳಿದರು, "ಇದ್ನ ನಮ್ ಬಾಗ್ಲ್ ಸುತ್ತ ಬರ್ಕೊಡ್ತೀಯಾ?"

ಅಮ್ಮನ ಪೆನ್ಸಿಲ್ ನಿಂತಿತು. "ಬೇಡಿ ಗೌರಮ್ಮನೋರೇ. ಅರಕಲಗೂಡಿನಲ್ಲಿ ಒಂದ್ಸಲ ಬರೆದಿದ್ದೆ. ಮದುವೆಯಾದ ಹೊಸತು. ನಡುಮನೆ ಗೋಡೆ ತುಂಬ. ಆರು ತಿಂಗಳಿಗೆ ಇವರಿಗೆ ವರ್ಗ ಆಯ್ತು. ನಾವಿನ್ನೂ ಲಾರಿಗೆ ಸಾಮಾನು ತುಂಬ್ತಾ ಇದೀವಿ, ಮನೆ ಮಾಲೀಕರು ಒಳಗೆ ಸುಣ್ಣ ಹೊಡೆಸ್ತಾ ಇದ್ರು. ಬ್ರಷ್ಷಿನ ಸದ್ದು ಬೀದಿಗೆ ಕೇಳ್ತಿತ್ತು."

ಗೌರಮ್ಮ ಬೆಲ್ಲದ ಚೂರನ್ನು ಅಮ್ಮನ ಕೈಗಿಟ್ಟು, "ನಮ್ಮನೇಲಿ ಸುಣ್ಣ ಒಡ್ಸೋಳು ನಾನು. ನಾನ್ ಒಡ್ಸಲ್ಲ" ಎಂದರು.

ಆ ವಾರ ಅಮ್ಮ ಉಳಿದ ಮೂರು ಪೆಟ್ಟಿಗೆಗಳನ್ನೂ ಬಿಚ್ಚಿದಳು. ಒಳಗೆ ಬ್ರಷ್ಷುಗಳಿದ್ದವು, ಒಣಗಿಹೋದ ಬಣ್ಣದ ಡಬ್ಬಿಗಳು, ಕಸೂತಿ ಹಾಕಿದ ಮೇಜುಬಟ್ಟೆ, ನುಸಿಗುಳಿಗೆಯ ವಾಸನೆಯ ದಿಂಬುಚೀಲಗಳು. ಖಾಲಿ ಪೆಟ್ಟಿಗೆಗಳನ್ನು ಚಿಕ್ಕಮ್ಮ ಅಡ್ಡಡ್ಡ ಜೋಡಿಸಿ, ಹಳೇ ಸೀರೆ ಸುತ್ತಿ ಪುಸ್ತಕದ ಗೂಡು ಮಾಡಿದಳು. ಅಮ್ಮ ಮುಂಬಾಗಿಲಿನ ಸುತ್ತ ಕೆಮ್ಮಣ್ಣಿನ ಪಟ್ಟಿ ಬಳಿದು, ಅದರ ಮೇಲೆ ಬಿಳಿಯಲ್ಲಿ ಬಳ್ಳಿ ಬರೆಯತೊಡಗಿದಳು. ಬಲಗಡೆ ಮುಗಿಯಿತು. ಮೇಲಿನದು ಮುಗಿಯಿತು. ಕೆಲಸ ಮಾಡುವಾಗ ಅವಳು ಗುನುಗುತ್ತಿದ್ದಳು. ನಾನು ಬಣ್ಣದ ಕರಟ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ, ಅವಳು ತಿರುಗಿ ನನ್ನ ಮೂಗಿಗೊಂದು ಚುಕ್ಕೆ ಇಡುತ್ತಿದ್ದಳು.

ಎಡಗಡೆ ಶುರು ಮಾಡಬೇಕು ಅನ್ನುವ ದಿನ ಅಪ್ಪ ಎಂದಿಗಿಂತ ಬೇಗ ಮನೆಗೆ ಬಂದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅಲ್ಲೇ ನಿಂತರು. ಬಳ್ಳಿಯನ್ನು ನೋಡಿದರು, ಅಮ್ಮನನ್ನು ನೋಡಿದರು.

"ಚನ್ನರಾಯಪಟ್ಟಣ" ಎಂದರು. ಅಷ್ಟೇ.

ಅಮ್ಮ ಬ್ರಷ್ ತೊಳೆದಿಟ್ಟು ಒಳಗೆ ಹೋದಳು. ಪುಸ್ತಕದ ಗೂಡಿನಿಂದ ಒಂದೊಂದೇ ಪುಸ್ತಕ ತೆಗೆದು ನೆಲದ ಮೇಲೆ ಜೋಡಿಸಿದಳು. ಪೆಟ್ಟಿಗೆಗೆ ಸುತ್ತಿದ್ದ ಸೀರೆಯ ಗಂಟು ಬಿಚ್ಚಿದಳು. ಎಷ್ಟು ರೂಢಿಯಾಗಿತ್ತೆಂದರೆ ಅವಳ ಕೈ ತಾನಾಗಿ ಆ ಕೆಲಸ ಮಾಡುತ್ತಿತ್ತು. ನನಗೆ ಅಳು ಬಂತು. ಚಿಕ್ಕಮ್ಮ "ಅಕ್ಕಾ, ಇವತ್ತೇ ಯಾಕೆ" ಎಂದಳು. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದರೆ ಮಣಿಪರದೆ ಸದ್ದು ಮಾಡುತ್ತದೆ ಎಂದು ಹೆದರಿದವರ ಹಾಗೆ.

ಸದ್ದು ಮಾಡಿಕೊಂಡು ಒಳಗೆ ಬಂದವರು ಗೌರಮ್ಮ. ವಿಷಯ ತಿಳಿದು ಸೊಂಟದ ಮೇಲೆ ಕೈಯಿಟ್ಟರು.

"ಚನ್ರಾಯಪಟ್ಣಕ್ಕಾ? ಅದೇನ್ ಕಾಶಿಯಾ ರಾಮೇಶ್ವರ್ವಾ? ನಮ್ ಬೀದೀಲಿ ಅರ್ಧ ಜನ ಶಾಂತಿಗ್ರಾಮದ್ ಮೇಲೆ ದಿನಾ ಓಗ್ತಾರೆ, ಬತ್ತಾರೆ. ಸಾ, ನೀವೂ ಓಗ್ಬನ್ನಿ. ಈ ಎಣ್ಮಗ್ಳು ಎಷ್ಟ್ ಸಲ ಗಂಟು ಕಟ್ಬೇಕು?"

ಅಮ್ಮನ ಕೈ ಸೀರೆಯ ಗಂಟಿನ ಮೇಲೆ ಹಾಗೇ ಇತ್ತು. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಆ ದಿನವೂ ದನಿಯೇನೂ ಎತ್ತಲಿಲ್ಲ.

"ನೀವು ಹೋಗಿ ಬಂದು ಮಾಡಿ" ಎಂದಳು. "ನಾನು ಈ ಮನೆ ಖಾಲಿ ಮಾಡಲ್ಲ."

ಅಪ್ಪ ಪರದೆ ಸರಿಸಿ ಒಳಗೆ ಬಂದು, ನೆಲದ ಮೇಲಿನ ಪುಸ್ತಕಗಳಲ್ಲಿ ನಾಲ್ಕನ್ನು ಎತ್ತಿ ಮತ್ತೆ ಗೂಡಿನಲ್ಲಿಟ್ಟರು. "ಬೆಳಿಗ್ಗೆ ಎಂಟಕ್ಕೆಲ್ಲ ಬಸ್ ಹತ್ತಬೇಕಾಗುತ್ತೆ. ತಿಂಡಿ ಬೇಗ ಆಗ್ಬೇಕು" ಎಂದರು.

"ಆಗುತ್ತೆ" ಎಂದಳು ಅಮ್ಮ.

ಮಾರನೆಯ ದಿನ ಅಮ್ಮ ಬಾಗಿಲಿನ ಎಡಗಡೆಯ ಬಳ್ಳಿ ಮುಗಿಸಿದಳು. ಆಮೇಲೆ ಬಂದ ವರ್ಗಗಳಿಗೂ ಅಪ್ಪ ಬಸ್ಸಿನಲ್ಲೇ ಹೋಗಿಬಂದು, ಆ ಮನೆಯಲ್ಲಿ ನಾವು ಏಳು ವರ್ಷ ಇದ್ದೆವು. ಒಂದು ಹೂಕುಂಡವನ್ನೂ ತಿರುಗಿ ನೋಡದಿದ್ದ ಅಪ್ಪ ಬಸ್ಸಿನಲ್ಲಿ ಓಡಾಡುತ್ತಾ ಬದಲಾದರು. ಚನ್ನರಾಯಪಟ್ಟಣದ ಸಂತೆಯಿಂದ ಒಂದು ಸಂಜೆ ಬಿದಿರಿನ ಬುಟ್ಟಿ ತಂದರು. ಶಾಂತಿಗ್ರಾಮದಲ್ಲಿ ಬಸ್ ಕೆಟ್ಟು ನಿಂತ ದಿನ ಮೂತಿ ಸೊಟ್ಟಗಿದ್ದ ಮಣ್ಣಿನ ಹೂಜಿ ತಂದು, "ಇದಕ್ಕೆ ಏನಾದ್ರೂ ಬರೀತೀಯೇನೋ ಅಂತ" ಎಂದು ಅಮ್ಮನ ಮುಂದೆ ಸಂಕೋಚದಿಂದ ಇಟ್ಟರು.

ಈಗ ಆ ಮನೆ ಇಲ್ಲ. ಗೌರಮ್ಮ ಹೋದ ಮೇಲೆ ಮಕ್ಕಳು ಜಾಗ ಹಂಚಿಕೊಂಡರು, ಅಲ್ಲಿ ಮೂರಂತಸ್ತಿನ ಕಟ್ಟಡ ಬಂದಿದೆ. ಗುಜರಿ ಸಾಬರ ಅಂಗಡಿ ಯಾವಾಗ ಮುಚ್ಚಿತೋ ತಿಳಿಯದು. ಅರಕಲಗೂಡಿಗೆ ಮದುವೆಯಾಗಿ ಹೋದ ಚಿಕ್ಕಮ್ಮ ಅಲ್ಲೇ ಹೊಲಿಗೆ ಕಲಿಸುತ್ತಾಳೆ. ಫೋನ್ ಮಾಡಿದರೆ ಅವಳಿಗೂ ಪುರುಸೊತ್ತಿಲ್ಲ, ನನಗೂ ಇಲ್ಲ. ಮನೆ ಹೇಗೆ ಅಲಂಕರಿಸಬೇಕೆಂದು ಮೊಬೈಲಿನಲ್ಲಿ ಹುಡುಕಿದರೆ ಕ್ಷಣದಲ್ಲಿ ನೂರು ಚಿತ್ರಗಳು ಬರುತ್ತವೆ. ಒಂದನ್ನೂ ಎರಡನೆಯ ಸಲ ನೋಡಿದ ನೆನಪು ನನಗಿಲ್ಲ.

ಹೋದ ತಿಂಗಳು ಹಾಸನದಲ್ಲಿ ಹೊಸದಾಗಿ ತೆರೆದ ಅಲಂಕಾರದ ಸಾಮಾನಿನ ದೊಡ್ಡ ಅಂಗಡಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹಳೆಯದರಂತೆ ಕಾಣುವ ಹೊಸ ಹಿತ್ತಾಳೆ, ಕೈಯಲ್ಲಿ ಬರೆದಂತೆ ಕಾಣುವ ಅಚ್ಚಿನ ಚಿತ್ತಾರ. ಅಮ್ಮ ಒಂದೊಂದನ್ನೂ ಎತ್ತಿ, ತಿರುಗಿಸಿ, ಕಣ್ಣಿನ ಹತ್ತಿರ ತಂದು ನೋಡಿ, ಇದ್ದಲ್ಲೇ ಇಡುತ್ತಾ ಬಂದಳು. ಕೊನೆಯ ಸಾಲಿಗೆ ಬಂದಾಗ, "ಯಾವುದೂ ಇಷ್ಟ ಆಗ್ಲಿಲ್ವೇನಮ್ಮ?" ಎಂದು ಕೇಳಿದೆ.

"ಎಲ್ಲಾ ಚೆನ್ನಾಗಿದೆ ಪುಟ್ಟೀ" ಎಂದಳು. "ಆದ್ರೆ ಎಲ್ಲಾ ಅವರೇ ಮಾಡಿ ಮುಗಿಸಿಬಿಟ್ಟಿದಾರಲ್ಲ. ಮನೆಗೆ ತಗೊಂಡು ಹೋಗಿ ನಾವು ಮಾಡೋದೇನು?"